ಟೊಳ್ಳು ಗೋಡೆಗೆ ತಲೆ ಮೇಲೆ ಸೆರಗು

ಹಳೇ ಮನೆ ರಿಪೇರಿಗೆ ಹೋದಲ್ಲೆಲ್ಲ ಗೋಡೆಗಿಂತ ಮೊದಲು ನಮ್ಮ ಮರ್ಯಾದೆ ಕುಸಿಯುವಂಥದ್ದು ಏನಾದರೊಂದು ಆಗಿಯೇ ತೀರುತ್ತಿತ್ತು. ಮಂಡ್ಯ, ಮದ್ದೂರು, ಮಳವಳ್ಳಿ ಸುತ್ತ ಮಣ್ಣಿನ ಗೋಡೆ ಸರಿಮಾಡಿ, ಗಾರೆ ಮೆತ್ತಿ, ಹೆಂಚು ಕೈಯಾಡಿಸಿ ಬದುಕಿದವರು ನಾನು ಮತ್ತು ನಮ್ಮ ಯಜಮಾನರು. ಯಾರ ಹಂಗಿನಲ್ಲೂ ಇರಲಿಲ್ಲ. ನಾನು ಅಕ್ಷರ ಕಲಿತದ್ದೂ ಆ ಗೋಡೆಗಳಿಗೆ ಅಂಟಿಸಿದ್ದ ಹಳೇ ಪತ್ರಿಕೆಗಳಿಂದಲೇ.

೧. ಬೆರಳು ಅವರದು, ಕಿವಿ ನನ್ನದು

ಬೆರಳ ಗೆಣ್ಣಿನಿಂದ ಗೋಡೆ ಬಡಿದು, ಸದ್ದಿನಲ್ಲೇ ಗಟ್ಟಿಯೋ ಟೊಳ್ಳೋ ಹೇಳುವುದರಲ್ಲಿ ಯಜಮಾನರು ಹೆಸರುವಾಸಿ. ಎರಡನೇ ಮಹಾಯುದ್ಧ ಶುರುವಾದ ವರ್ಷ ವಿಷಮಜ್ವರ ಬಂದು ಅವರ ಎರಡೂ ಕಿವಿ ಹೋದವು. ಊರಿಗೆ ಗೊತ್ತಾದರೆ ಕೆಲಸ ಕೊಡುವವರು ಯಾರು? ಅವರು ಮಂಕಾಗಿ ಮೂಲೆ ಹಿಡಿದರು. ನಾನೇ ಉಪಾಯ ಮಾಡಿದೆ. ಅವರು ಬಡಿಯುವುದು, ನಾನು ಕೇಳುವುದು. ಟೊಳ್ಳಾದರೆ ಸೆರಗನ್ನು ತಲೆ ಮೇಲೆ ಎಳೆದುಕೊಳ್ಳುವುದು, ಗಟ್ಟಿಯಾದರೆ ಹೆಗಲಲ್ಲೇ ಬಿಡುವುದು.

ಕೊತ್ತತ್ತಿಯಲ್ಲಿ ಶುರುಮಾಡಿದೆವು. ಬರುಬರುತ್ತ ಒಂದು ವಿಚಿತ್ರ ಕಂಡಿತು. ಕೆಡವಬೇಕಾದ ಟೊಳ್ಳು ಗೋಡೆ ಸಿಕ್ಕಾಗ, ಅವರು ಬಾಯಿ ಬಿಡುವ ಮೊದಲೇ ಮನೆಯವರು ಪಾತ್ರೆಪಡಗವನ್ನೆಲ್ಲ ಅಂಗಳಕ್ಕೆ ಸಾಗಿಸತೊಡಗುತ್ತಿದ್ದರು.

"ನೋಡ್ದಾ? ನನ್ ಮುಖ ನೋಡೇ ತಿಳ್ಕತಾರೆ!" ಎಂದು ಯಜಮಾನರು ಮೀಸೆ ತಿರುವಿದರು.

೨. ಕಿರುಗಾವಲಿನ ಹಿರಿಯರು

ಕಿರುಗಾವಲಿನಲ್ಲಿ ಬಡಿದ ಗೋಡೆ ಕಲ್ಲಿನಂತಿತ್ತು. ಅಷ್ಟರಲ್ಲಿ ಹೊಲದಿಂದ ಆ ಮನೆಯ ಹಿರಿಯರು ಒಳಗೆ ಬಂದರು. ಹಿರಿಯರೆದುರು ಕೈ ತಾನಾಗಿಯೇ ಸೆರಗನ್ನು ತಲೆಗೆ ಎಳೆಯಿತು. ಯಜಮಾನರು ನೋಡಿದರು. "ಟೊಳ್ಳು. ಕೆಡವ್ಲೇಬೇಕು" ಎಂದು ಹಾರೆ ಎತ್ತಿದರು.

"ಲೇ, ನಮ್ ತಾತ ಕಟ್ಟಿದ್ ಗೋಡೆ ಕಣ್ಲಾ!" ಎಂದು ಹಿರಿಯರು ಕೂಗಿದರು. ಕೂಗಿ ಏನು ಬಂತು? ನಾನು ಮಾನ ಬಿಟ್ಟು ಅವರೆದುರೇ ಸೆರಗು ಕೆಳಗಿಳಿಸಿದೆ.

ಹಿರಿಯರು ಕೆಂಡವಾದರು. "ಏನ್ಲಾ, ನಿನ್ ಎಂಡ್ತಿಗೆ ಮರ್ವಾದೆ ಕಲ್ಸಿಲ್ವಾ?"

ಯಜಮಾನರು ಹಾರೆ ಇಳಿಸಿ, ಗೋಡೆ ಸವರುತ್ತ, "ಏನೂ ಮಾಡ್ಬೇಕಾಗಿಲ್ಲ ಬುಡಿ ಗೌಡ್ರೆ, ಇಂಗೇ ಇರ್ಲಿ" ಅಂದರು.

ದಾರಿಯುದ್ದಕ್ಕೂ ನಕ್ಕೆವು. ನಗುತ್ತಲೇ ಅವರು ಕೇಳಿದರು: "ನನ್ ನಗು ಇನ್ನೂ ಮೊದ್ಲಿನಂಗೇ ಕೇಳ್ತದಾ?"

ಹೂಂ ಎಂದು ತಲೆಯಾಡಿಸಿದೆ.

೩. ಮಳವಳ್ಳಿಯ ಹಂಡೆ

ಸ್ವಾತಂತ್ರ್ಯ ಬರುವುದಕ್ಕೆ ಹಿಂದಿನ ಮಳೆಗಾಲದಲ್ಲಿ ಯಜಮಾನರು ತೀರಿಹೋದರು. ಒಂಟಿ ಹೆಂಗಸನ್ನು ಗೋಡೆ ಕೆಲಸಕ್ಕೆ ಕರೆಯುವವರೇ ಇಲ್ಲವಾದರು. ಕೇಳುತ್ತಿದ್ದ ಕಿವಿ ನನ್ನದೇ ಎಂದು ಸಾರಿದ್ದರೆ ಕರೆಯುತ್ತಿದ್ದರೇನೋ. ಹೋದವರ ಹೆಸರು ಕಳೆದು ಉಣ್ಣುವ ಅನ್ನ ನನಗೆ ಬೇಡವಾಗಿತ್ತು.

ಕೊನೆಗೆ ಮಳವಳ್ಳಿಯ ಒಬ್ಬ ಅಜ್ಜಿ ಹೇಳಿಕಳಿಸಿದರು. ಗಂಡ ಹೋದವಳು ತಲೆ ಮುಚ್ಚಿರಬೇಕೆಂಬ ನಮ್ಮ ಅತ್ತೆಯ ಅಪ್ಪಣೆಯಂತೆ ಈಗ ನನ್ನ ಸೆರಗು ತಲೆಯಿಂದ ಇಳಿಯುವಂತಿರಲಿಲ್ಲ. ನಾನು ಹೊಸಿಲು ದಾಟಿದ್ದೇ ತಡ, ಅಜ್ಜಿ ಹಂಡೆ, ಪಾತ್ರೆಗಳನ್ನು ಅಂಗಳಕ್ಕೆ ಹೊರತೊಡಗಿದರು.

"ನಾನಿನ್ನೂ ಗೋಡೆ ಮುಟ್ಟೇ ಇಲ್ವಲ್ಲವ್ವ?"

"ಸೆರಗು ತಲೆ ಮ್ಯಾಲೆ ಐತಲ್ಲ! ಟೊಳ್ಳು ಅಂತ ತಾನೆ?"

"ನಿಮಗೆ ಗೊತ್ತಿತ್ತಾ?"

"ಮೂರೂರ್ಗೂ ಗೊತ್ತಿತ್ತು ಕಣವ್ವ. ನಿನ್ ಗಂಡ ನಿನ್ ಕಡೆ ನೋಡಿ, ಆಮ್ಯಾಕೆ ಕಣ್ಮುಚ್ಕಂಡು, ಮೀಸೆ ತಿರುವ್ಕಂಡು 'ಟೊಳ್ಳು' ಅಂತ ಏಳೋದು ನೋಡಕ್ಕೆ ಚೆಂದಾಗಿತ್ತು. ಸುಮ್ಕಿದ್ದೋ."

ಮುಖ ಗೋಡೆಯತ್ತ ತಿರುಗಿಸಿಕೊಂಡೆ. ಬಡಿದೆ. ಅಭ್ಯಾಸಬಲದಿಂದ ಪಕ್ಕಕ್ಕೆ ನೋಡಿದೆ. ಯಾರೂ ಇರಲಿಲ್ಲ.

ಇಷ್ಟು ವರ್ಷದಲ್ಲಿ ಮೊದಲ ಸಲ ಬಾಯಿ ಬಿಟ್ಟು ಹೇಳಿದೆ: "ಗೋಡೆ ಗಟ್ಟಿಯಾಗೇ ಅದೆ. ಪಾತ್ರೆ ಒಳಗೆ ತಕಂಡೋಗಿ."

ಅಜ್ಜಿ ಸೊಂಟ ಹಿಡಿದುಕೊಂಡು ಹಂಡೆಯ ಪಕ್ಕದಲ್ಲೇ ಕುಸಿದು ಕೂತರು. "ಅಯ್ಯೋ ನಿನ್ನ! ಮೊದ್ಲೇ ಬಾಯ್ಬುಟ್ಟಿದ್ರೆ ಈ ಅಂಡೆ ಒರೋದು ತಪ್ತಿತ್ತಲ್ಲವ್ವ!"