ಕೌದಿಯ ಹಸಿವು

ನನಗೊಂದು ಕೆಟ್ಟ ಚಟವಿದೆ. ಏನನ್ನು ಕಂಡರೂ ಅದಕ್ಕೊಂದು ಎಚ್ಚರಿಕೆಯ ಚೀಟಿ ಅಂಟಿಸಬೇಕೆನಿಸುತ್ತದೆ. ತಪ್ಪು ನನ್ನದಲ್ಲ, ಹೊಟ್ಟೆಪಾಡಿನದು. ಪುಣೆ ಹತ್ತಿರದ ಕುರಕುಂಭದ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ನಾನು ಸುರಕ್ಷತಾ ಅಧಿಕಾರಿ. ಇಪ್ಪತ್ತು ವರ್ಷದಿಂದ ಪೀಪಾಯಿಗಳಿಗೆ ತಲೆಬುರುಡೆ, ಬೆಂಕಿ, ಸತ್ತ ಮೀನಿನ ಚಿತ್ರ ಹಚ್ಚುತ್ತ ಬಂದವನು. ಮನೆಯ ಉಪ್ಪಿನಕಾಯಿ ಭರಣಿಯ ಮೇಲೂ ‘ಒದ್ದೆ ಚಮಚ ನಿಷಿದ್ಧ’ ಎಂದು ಬರೆದಿದ್ದೇನೆ. "ನಿಮ್ಮ ಹಣೀಗೂ ಒಂದು ಹಚ್ಚಿಕೊಂಡುಬಿಡ್ರಿ, ‘ಹತ್ತಿರ ಬರಬ್ಯಾಡ್ರಿ’ ಅಂತ" ಎನ್ನುತ್ತಾಳೆ ಹೆಂಡತಿ ಸುನಂದಾ. ಇಂಥವನನ್ನು ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಮಾಡಿದರೆ ಏನಾಗಬೇಕೋ ಅದೇ ಆಯಿತು.

ಮಗರಪಟ್ಟಾದ ಪಕ್ಕದ ನಮ್ಮ ಸೊಸೈಟಿಯಲ್ಲಿ ಒಂದು ದಿನ ಎ ವಿಂಗಿನವರೊಬ್ಬರು ಬಾಲ್ಕನಿಗೆ ಯಾವುದೋ ಹಳೆಯ ರಾಜನ ಬಾವುಟ ಕಟ್ಟಿದರು. ಮರುದಿನ ಎದುರಿನ ಬಿ ವಿಂಗಿನಲ್ಲಿ ಆ ರಾಜನ ವೈರಿಯ ಬಾವುಟ ಮೇಲೇರಿತು. ರಾಜರಿಬ್ಬರೂ ಸತ್ತು ಶತಮಾನಗಳಾಗಿವೆ, ಆದರೆ ಲಿಫ್ಟಿನಲ್ಲಿ ನಮ್ಮ ಜನ ಗೋಡೆಗೆ ಮುಖಮಾಡಿ ನಿಲ್ಲತೊಡಗಿದರು. ಮೀಟಿಂಗ್ ಕರೆದೆವು. ಬಟ್ಟೆ ಇಳಿಸಿದರೆ ಇತಿಹಾಸ ಇಳಿಯುತ್ತದೆಯೇ ಎಂದು ಕೆಲವರು ಕೇಳಿದರು. ನೋವಾಗುವವರನ್ನು ಕೇಳಿ ನೋಡಿ ಎಂದರು ಕೆಲವರು. ಎರಡೂ ಸರಿ ಅನ್ನಿಸಿತು, ಆದ್ದರಿಂದ ನಾನು ಮೂರನೆಯದನ್ನು ಮಾಡಿದೆ. ವಿವಾದದ ಹಳೆಯ ಬಾವುಟ, ಗುರುತು ಯಾವುದೇ ಕಂಡರೂ ಜಪ್ತಿಮಾಡಿ ಸುಡತಕ್ಕದ್ದು ಎಂದು ನಿಯಮ ಬರೆದೆ. ಫ್ಲೆಕ್ಸ್ ಪರಿಸರಕ್ಕೆ ಕೆಡುಕೆಂದು ಬಿಳಿ ಬಟ್ಟೆಯ ಮೇಲೆ ನಾನೇ ಕುಂಚ ಹಿಡಿದು ಮರಾಠಿಯಲ್ಲಿ ಬರೆದು, ಕೆಳಗೆ ನನ್ನ ಹೆಸರು ಹಾಕಿ, ಗೇಟಿಗೆ ಕಟ್ಟಿದೆ. ಗುರುತಿಗೆ ಮರಾಠಿಯವರು ‘ನಿಶಾಣಿ’ ಅನ್ನುವಲ್ಲಿ ನಾನು ಧಾರವಾಡದ ಅಭ್ಯಾಸದಿಂದ ‘ನಿಶಾನಿ’ ಎಂದು ಬರೆದಿದ್ದೆ. ನಮ್ಮ ಚೇರ್ಮನ್ ಜೋಶಿ ಕಾಕಾ ಅಪ್ಪಟ ಪುಣೆಯವರು. ಬಾವುಟಗಳ ಜಗಳ ಮರೆತರು, ಆ ‘ನ’ ಮರೆಯಲಿಲ್ಲ. ದಿನಾ ಗೇಟಿನಲ್ಲಿ ನಿಂತು ಅದನ್ನು ನೋಡಿ ನಿಟ್ಟುಸಿರು ಬಿಡುತ್ತಿದ್ದರು.

ತಿಂಗಳು ಕಳೆದಿರಬೇಕು. ಒಂದು ಶುಕ್ರವಾರ ಮಧ್ಯಾಹ್ನ ಕಾರ್ಖಾನೆಯಲ್ಲಿ ಡಬ್ಬಿ ಬಿಚ್ಚಿ ಕೂತಿದ್ದೆ. ಸೊಸೈಟಿಯ ವಾಟ್ಸಾಪ್ ಗುಂಪಿಗೆ ಒಂದು ಫೋಟೊ ಬಂತು. ಒಂಬತ್ತನೇ ಮಹಡಿಯ ಬಾಲ್ಕನಿಯಲ್ಲಿ ಇಂಗ್ಲಿಷರ ಬಾವುಟ. ಕೆಂಪು ಪಟ್ಟಿ, ನೀಲಿ ಮೂಲೆ, ಎಲ್ಲ ಸ್ಪಷ್ಟ. ಯಾರ ಮನೆಯಪ್ಪಾ ಇದು, ಸುಟ್ಟೇ ಬಿಡೋಣ ಎಂದು ಹುರುಪಿನಿಂದ ದೊಡ್ಡದು ಮಾಡಿ ನೋಡಿದರೆ, ಪಕ್ಕದಲ್ಲಿ ನನ್ನದೇ ಬನಿಯನ್ ಒಣಗುತ್ತಿತ್ತು.

ಆದರೆ ಅಲ್ಲಿ ಬೆಳಿಗ್ಗೆ ನಾನೇ ಬಿಸಿಲಿಗೆ ಹಾಕಿ ಬಂದದ್ದು ಅವ್ವನ ಕೌದಿ, ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದದ್ದು. ಮೇಲುಹೊದಿಕೆ ಮಾಸಿದ ಇಳಕಲ್ ಸೀರೆ, ಅದರಲ್ಲಿ ಕೆಂಪೂ ಇಲ್ಲ, ನೀಲಿಯೂ ಇಲ್ಲ. ಇನ್ನೊಂದು ವಿಷಯ ನನ್ನ ಊಟ ನಿಲ್ಲಿಸಿತು. ಫೋಟೊದಲ್ಲಿ ನನ್ನ ಬನಿಯನ್ ಅಲುಗದೆ ಜೋತುಬಿದ್ದಿತ್ತು. ಇಬ್ಬರು ಹಿಡಿದು ಹಿಂಡಬೇಕಾದ ಆ ಭಾರದ ಕೌದಿ ಮಾತ್ರ ನೆಟ್ಟಗೆ ಚಾಚಿ ಹಾರುತ್ತಿತ್ತು.

ಮನೆಗೆ ಬಂದು ಅವ್ವನನ್ನು ಕೇಳಿದೆ. ಎಂಬತ್ತು ದಾಟಿದ ಅವ್ವ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ, "ಹೌದೋ, ಒಳಗ ಅದ" ಎಂದಳು. "ನಮ್ಮಪ್ಪ ದೇಹೂ ರೋಡಿನ ದಂಡಿನ್ಯಾಗ ಕೆಲಸಕ್ಕಿದ್ದ. ಬಿಳೇರು ಹ್ವಾದ ಮ್ಯಾಲ ಕಸದಾಗ ಬಿದ್ದಿತ್ತಂತ, ತಂದ. ಅವ್ವ ಮುಟ್ಟಿ ನೋಡಿ, ಬಟ್ಟಿ ಭಾಳ ಗಟ್ಟಿ ಅದ ಅಂತ ಒಳಗ ಹಾಕಿ ಹೊಲದ್ಲು."

"ಯವ್ವಾ, ಸುಟ್ಟುಬಿಡಬೇಕಿತ್ತಲ್ಲ?"

"ಸುಟ್ರ ಒಂದು ತಾಸು ಬೆಚ್ಚಗಾಗ್ತದ. ಹೊಲದ್ರ ಜೀವಮಾನ ಪೂರ್ತಿ."

ಅಷ್ಟರಲ್ಲಿ ಜೋಶಿ ಕಾಕಾರ ಫೋನು. ಭಾನುವಾರ ನಾಲ್ಕು ಗಂಟೆಗೆ ಕಮಿಟಿ ನಮ್ಮ ಮನೆಗೆ ಬಂದು ವಸ್ತುವನ್ನು ಪರಿಶೀಲಿಸುವುದು, ನಿಯಮದ ಪ್ರಕಾರ ಜಪ್ತಿ ಮಾಡುವುದು. ನಿಯಮ ಯಾರದು ಎಂದು ಅವರು ಕೇಳಲಿಲ್ಲ, ಆ ಮಟ್ಟಿಗೆ ಸಭ್ಯರು. ವಿಷಯ ಕೇಳಿ ಅವ್ವ ಎಣ್ಣೆಯ ಬಟ್ಟಲು ಕೆಳಗಿಟ್ಟಳು. "ನಮ್ಮವ್ವ ಹೊಲದದ್ದು ಇದೊಂದ ಉಳದದ. ಅದನ್ನ ಕೊಟ್ರ ನನಗ ನಿದ್ದಿ ಹ್ಯಾಂಗ ಬರಬೇಕೋ?" ಉಪ್ಪಿನಕಾಯಿಗೆ ಚೀಟಿ ಹಚ್ಚುವವನಿಗೂ ಅವ್ವ ಒಬ್ಬಳೇ.

ಶನಿವಾರ ಮಧ್ಯಾಹ್ನ ಅವ್ವ ಮಲಗಿದ್ದಾಗ, ಬಾವುಟವನ್ನಷ್ಟೇ ತೆಗೆದುಬಿಡೋಣವೆಂದು ಬ್ಲೇಡು ಹಿಡಿದು ಕೂತೆ. ಅಂಚಿನ ಹೊಲಿಗೆ ಸೀಳಿ ಸೀರೆ ಸರಿಸಿದೆ. ಇಂಗ್ಲಿಷರ ಬಾವುಟ ನಿನ್ನೆ ಅಂಗಡಿಯಿಂದ ತಂದಷ್ಟು ಹೊಸದಾಗಿತ್ತು. ಅದರ ಕೆಳಗೆ ಕೇಸರಿ ಬಟ್ಟೆ, ಸೀಳಿದ ತುದಿಯದು. ಅದರ ಕೆಳಗೆ ಹಸಿರು, ಅರ್ಧಚಂದ್ರನಿದ್ದದ್ದು. ಇನ್ನೂ ಕೆಳಗೆ ಯಾವುದೋ ಸಂಸ್ಥಾನದ್ದು, ಹುಲಿಯೋ ಬೆಕ್ಕೋ ಗೊತ್ತಾಗದ ಪ್ರಾಣಿ. ಒಬ್ಬರ ಮುಖ ಒಬ್ಬರು ನೋಡದ ಅಷ್ಟು ರಾಜರನ್ನೂ ಆಯಿ, ಅಂದರೆ ಅವ್ವನ ತಾಯಿ, ಒಂದೇ ದಾರದಲ್ಲಿ ಹೊಲಿದಿದ್ದಳು. ಒಂದನ್ನು ಎಳೆದರೆ ಎಲ್ಲವೂ ಬಿಚ್ಚುತ್ತಿದ್ದವು. ನಟ್ಟನಡುವೆ ಒಂದು ಜೋಳದ ರೊಟ್ಟಿಯ ಚೂರು ಸಿಕ್ಕಿತು. ಮುಟ್ಟಿದೆ. ಮೆತ್ತಗಿತ್ತು. ಈಗಷ್ಟೇ ಹೆಂಚಿನಿಂದ ತೆಗೆದಂತೆ ಬಿಸಿಯಿತ್ತು.

ಬೆಚ್ಚಿ ಕೈಬಿಟ್ಟೆ. ಬಾಲ್ಕನಿಯ ಕಂಬಿಯ ಮೇಲಿದ್ದ ಕಾಗೆ ಒಳಗೆ ಹಾರಿಬಂದು ಅದನ್ನು ಕಚ್ಚಿಕೊಂಡು ಹೋಯಿತು.

"ಏನ್ ಮಾಡಿದ್ಯೋ" ಎಂದಳು ಅವ್ವ. ಯಾವಾಗ ಎದ್ದು ಕೂತಿದ್ದಳೋ. "ಕೌದಿ ಹೊಟ್ಟಿ ಬರಿದಿರಬಾರದಂತ ಅವ್ವ ರೊಟ್ಟಿ ಇಟ್ಟು ಹೊಲದಿದ್ಲು. ಇನ್ನ ಅದಕ್ಕ ಹಸಿವಾಗ್ತದ."

ನಾನು ವಿಜ್ಞಾನ ಓದಿದವನು, ನಗಲು ನೋಡಿದೆ. ಸಂಜೆಗೆ ನನ್ನ ಕರವಸ್ತ್ರ ಕಾಣೆ. ಆಮೇಲೆ ಸುನಂದಾಳ ಅಡುಗೆಮನೆ ಒರೆಸುಬಟ್ಟೆ. "ಮರೆವು ಹೆಚ್ಚಾಗೇದ ನಿಮಗ" ಎಂದು ಬೈದಳು. ಭಾನುವಾರ ಬೆಳಿಗ್ಗೆ ಕೌದಿಯ ಸೀಳಿನೊಳಗೆ ಕೈಹಾಕಿದೆ. ನಾನು ಬ್ಲೇಡು ತಾಗಿಸದ ಅಡಿಯ ಪದರದಲ್ಲಿ ನನ್ನ ಕರವಸ್ತ್ರವಿತ್ತು. ನಾಲ್ಕೂ ಅಂಚಿಗೆ ಆಯಿಯ ಸಣ್ಣ ಹೊಲಿಗೆ ಬಿದ್ದಿತ್ತು. ಆಯಿ ತೀರಿಕೊಂಡಾಗ ನಾನು ಮೂರನೇ ತರಗತಿಯಲ್ಲಿದ್ದೆ.

ಆ ಎರಡು ದಿನ ಲಿಫ್ಟ್ ರಿಪೇರಿಯಲ್ಲಿತ್ತು. ನಾಲ್ಕಕ್ಕೆ ಜೋಶಿ ಕಾಕಾ ಇನ್ನಿಬ್ಬರೊಡನೆ ಒಂಬತ್ತು ಮಹಡಿ ಹತ್ತಿ ಏದುಸಿರು ಬಿಡುತ್ತ ಬಂದರು. ಗೇಟಿನ ಫಲಕ ಮಧ್ಯಾಹ್ನದಿಂದ ಇಲ್ಲ, ಕಟ್ಟಿದ ಗಂಟು ಹಾಗೇ ಇದೆ, ಬಟ್ಟೆ ಮಾತ್ರ ಇಲ್ಲ ಎಂದರು. ನಾನು ಕೋಣೆಗೆ ಹೋಗಿ ನೋಡಿದರೆ ಅವ್ವ ಕೌದಿಯ ಕೊನೆಯ ಹೊಲಿಗೆ ಮುಗಿಸಿ ಹಲ್ಲಿನಿಂದ ದಾರ ಕಡಿಯುತ್ತಿದ್ದಳು.

ಕಾಕಾ ಅದನ್ನು ಬಾಲ್ಕನಿಗೆ ಒಯ್ದು ಬಿಸಿಲಿಗೆ ಹಿಡಿದರು. ನಾನು ಕಣ್ಣುಮುಚ್ಚಿದೆ. ಆಮೇಲೆ ಕಾಕಾ ಮೆಲ್ಲಗೆ, "ಹೇ ತರ್ ಆಪಲಂಚ್ ಆಹೆ" ಎಂದರು. ಇದು ನಮ್ಮದೇ!

ಕಣ್ಣು ಬಿಟ್ಟೆ. ಇಂಗ್ಲಿಷರಿಲ್ಲ, ಚಂದ್ರನಿಲ್ಲ, ಹುಲಿಯೂ ಇಲ್ಲ. ಇಳಕಲ್ ಸೀರೆಯೊಳಗಿಂದ ದೊಡ್ಡ ಅಕ್ಷರಗಳು ತೋರುತ್ತಿದ್ದವು: ನಿಷೇಧ, ಜಪ್ತಿ, ಕೊನೆಗೆ ನನ್ನ ಹೆಸರು. ಸಂಶಯಕ್ಕೆಡೆಯಿಲ್ಲದಂತೆ ಕಾಕಾ ಆ ‘ನಿಶಾನಿ’ಯ ‘ನ’ದ ಮೇಲೆ ಬೆರಳಿಟ್ಟರು. ಕಮಿಟಿ ತನ್ನದೇ ಫಲಕವನ್ನು ಜಪ್ತಿಮಾಡಿ ಸುಡುವುದು ಹೇಗೆ? ಮೂವರೂ ಚಹಾ ಕುಡಿಯದೆ ಮೆಟ್ಟಿಲಿಳಿದರು. ಗೇಟಿಗೆ ಹೊಸ ಫಲಕ ಬರೆಯಲು ನನಗೆ ಯಾರೂ ಹೇಳಲಿಲ್ಲ.

"ಯವ್ವಾ, ಕೆಳಗ ಹೋಗಿ ನೀನ ತಂದ್ಯಾ?"

"ಈ ಮೊಣಕಾಲಿಲೆ? ತಾನ ಬಂತಪ್ಪ" ಎಂದಳು ಅವ್ವ, ಕೌದಿ ಮಡಚುತ್ತ. "ಎಲ್ಲಾರದೂ ಬಂದಂಗ ನಿಂದೂ ಬಂತು. ಬಟ್ಟಿ ಮಾತ್ರ ಗಟ್ಟಿ ಇಲ್ಲ."

ಅವ್ವ ಈಗ ಸುಖವಾಗಿ ನಿದ್ರಿಸುತ್ತಾಳೆ, ಆಂಗ್ಲರ ಮೇಲೆ, ಕೇಸರಿ ಹಸಿರುಗಳ ಮೇಲೆ, ನನ್ನ ಮೇಲೆ. ನಾನು ಕಾರ್ಖಾನೆಯಿಂದ ತಲೆಬುರುಡೆಯ ಒಂದು ಸ್ಟಿಕ್ಕರ್ ತಂದಿಟ್ಟುಕೊಂಡಿದ್ದೇನೆ, ಕೌದಿಯ ಮೂಲೆಗೆ ಹಚ್ಚಲೆಂದು. ಎರಡು ಸಲ ಹತ್ತಿರ ಹೋಗಿ ವಾಪಸು ಬಂದೆ. ಸ್ಟಿಕ್ಕರ್ ಹೋದರೆ ಹೋಗಲಿ. ನನ್ನ ಕೈ ಅದರ ಜೊತೆಗಿರುತ್ತದಲ್ಲ.