ಹತ್ತು ಉಗುರಿಗೆ ಹತ್ತು ನಿಮಿಷ

ಈ ಸಲ ಓಟು ಹಾಕಲು ಹೋದಾಗ ತನ್ನ ಹತ್ತೂ ಉಗುರು ರಾಣಿ ಬಣ್ಣದಲ್ಲಿ ಝಗಝಗ ಎನ್ನಬೇಕು, ಕೈ ಹಿಡಿದ ಸರಕಾರವೇ ದಂಗಾಗಬೇಕು ಎಂದು ಹೀರಾಬಾಯಿ ಶಪಥ ಮಾಡಿದಳು. ಶಪಥಕ್ಕೆ ಸಾಕ್ಷಿ ಬಚ್ಚಲ ಮನೆಯ ನೀರಿನ ಹಂಡೆ. ನಾಲ್ಕು ಮಕ್ಕಳು, ಒಬ್ಬಳು ಅತ್ತೆ, ಒಬ್ಬ ಗಂಡ ಇರುವ ಆ ಮನೆಯಲ್ಲಿ ಅವಳ ಮಾತು ಕೇಳಲು ಪುರುಸೊತ್ತಿದ್ದದ್ದು ಅದಕ್ಕೊಂದಕ್ಕೇ.

ಸುಮ್ಮಸುಮ್ಮನೆ ಯಾರೂ ಶಪಥ ಮಾಡುವುದಿಲ್ಲ. ಹೋದ ವರ್ಷ, ಅಂದರೆ ಎಪ್ಪತ್ತೇಳರ ಚುನಾವಣೆಯಲ್ಲಿ, ಜೋಳದ ಹಿಟ್ಟು ನಾದುತ್ತಿದ್ದವಳು ಹಾಗೆಯೇ ಎದ್ದು ಓಟಿಗೆ ಓಡಿದ್ದಳು. ಇಂಕು ಹಚ್ಚುವ ಅಧಿಕಾರಿ ಅವಳ ಎಡಗೈ ಹಿಡಿದ, ಉಗುರಿನ ಸಂದಿಯಲ್ಲಿ ಒಣಗಿ ಕೂತ ಹಿಟ್ಟು ನೋಡಿದ, ಓಣಿಯ ಹೆಂಗಸರೆಲ್ಲರ ಎದುರಿಗೇ "ಕೈ ತೊಳಕೊಂಡ ಬರ್ರಿ, ತಾಯಿ" ಎಂದುಬಿಟ್ಟ. ಅವಳ ಹಿಂದೆ ನಿಂತಿದ್ದವಳು ಪಕ್ಕದ ಮನೆಯ ನೀಲಾಬಾಯಿ. ಅವಳ ಮಕ್ಕಳಿಬ್ಬರೂ ಧಾರವಾಡದಲ್ಲಿ ಓದುತ್ತಿದ್ದರು, ಉಗುರಿಗೆ ಬಣ್ಣ ಹಚ್ಚಲು ಹೊತ್ತಿತ್ತು. ಅದೇ ಅಧಿಕಾರಿ ಅವಳ ಬೆರಳನ್ನು ಪ್ರಸಾದದಂತೆ ಹಿಡಿದುಕೊಂಡ. ಬಳೆಗಾರನನ್ನು ಬಿಟ್ಟರೆ ಸಂಸಾರಸ್ಥ ಹೆಂಗಸಿನ ಕೈಯನ್ನು ಪರಗಂಡಸು ಹಿಡಿದು ನೋಡುವುದು ಓಟಿನ ದಿನ ಮಾತ್ರ. ಆ ಒಂದು ದಿನವೂ ಮಾನ ಹೋಯಿತಲ್ಲ ಎಂಬ ಸಂಕಟ ಹೀರಾಬಾಯಿಯನ್ನು ವರ್ಷವಿಡೀ ಕೊರೆಯಿತು.

ಎಪ್ಪತ್ತೆಂಟರ ಫೆಬ್ರವರಿಯಲ್ಲಿ ಮತ್ತೆ ಚುನಾವಣೆ ಬಂತು. ಹೀರಾಬಾಯಿ ಗೋಳಗುಮ್ಮಟದ ಹತ್ತಿರದ ಮೆಹಬೂಬನ ಬಳೆ ಅಂಗಡಿಗೆ ಹೋಗಿ ಎರಡು ಶೀಶೆ ತಂದಳು. ಒಂದರಲ್ಲಿ ಬಣ್ಣ, ಇನ್ನೊಂದರಲ್ಲಿ ಬಣ್ಣ ತೆಗೆಯುವ ನೀರು. ಹಚ್ಚಿದ ಮೇಲೆ ಹತ್ತು ನಿಮಿಷ ಎರಡೂ ಕೈ ಏನನ್ನೂ ಮುಟ್ಟಬಾರದು ಎಂದು ಮೆಹಬೂಬ ಹೇಳಿ ಕಳಿಸಿದ್ದ. ಅಷ್ಟೇ ತಾನೆ ಎಂದು ನಕ್ಕು ಬಂದಿದ್ದಳು. ಮನೆಗೆ ಬಂದು ಯೋಚಿಸಿದಾಗ ಗೊತ್ತಾಯಿತು, ಮದುವೆಯಾದ ಹದಿನಾಲ್ಕು ವರ್ಷಗಳಲ್ಲಿ ಅವಳ ಎರಡೂ ಕೈ ಒಟ್ಟಿಗೆ ಹತ್ತು ನಿಮಿಷ ಖಾಲಿ ಇದ್ದದ್ದೇ ಇಲ್ಲ. ನಿದ್ದೆಯಲ್ಲೂ ಒಂದು ಕೈ ಕೂಸಿನ ಬೆನ್ನು ತಟ್ಟುತ್ತಲೇ ಇರುತ್ತಿತ್ತು.

ಮೊದಲ ದಿನ ಮೂರು ಉಗುರಿಗೆ ಹಚ್ಚುವಷ್ಟರಲ್ಲಿ ನಳಕ್ಕೆ ನೀರು ಬಂತು. ವಿಜಾಪುರದ ನಳ! ಒಮ್ಮೆ ಹೋದರೆ ಮತ್ತೆ ಯಾವಾಗ ದರ್ಶನ ಕೊಡುವುದೋ ಆ ನಳಕ್ಕೇ ಗೊತ್ತಿಲ್ಲ. ಇದ್ದಬದ್ದ ಕೊಡವನ್ನೆಲ್ಲ ತುಂಬಿಸಿ ನೋಡಿದರೆ ಬಣ್ಣ ಉಗುರಿಗಿಂತ ಹೆಚ್ಚಾಗಿ ಕೊಡದ ಕಂಠದಲ್ಲಿತ್ತು. ಎರಡನೆಯ ದಿನ ಐದು ಉಗುರು ಮುಗಿದಿದ್ದವು, ಕೂಸು ಎದ್ದು ಹೊಲಸು ಮಾಡಿಕೊಂಡು ಎರಡೂ ಕೈ ಚಾಚಿ ಅಳತೊಡಗಿತು. ಮೂರನೆಯ ದಿನ ಎಡಗೈ ಪೂರ್ತಿಯಾಗಿ ಬಲಗೈಗೆ ಕುಂಚ ಎತ್ತಿದ್ದಳು. ಅಷ್ಟರಲ್ಲಿ ಸಾರವಾಡದಿಂದ ಇಬ್ಬರು ನೆಂಟರು ಬಸ್ಸಿಳಿದು ನೇರ ಮನೆಗೆ ಬಂದು, ಕಾಲು ತೊಳೆದು ಊಟಕ್ಕೆ ಕೂತೇಬಿಟ್ಟರು. ರೊಟ್ಟಿ ಬಡಿಯುತ್ತಿದ್ದಂತೆ ಬಣ್ಣದ ಚಕ್ಕೆಗಳು ಒಂದೊಂದಾಗಿ ಎದ್ದು ಹಿಟ್ಟಿನಲ್ಲಿ ಮಾಯವಾದವು. ನೆಂಟರ ಜೊತೆ ಉಣ್ಣಲು ಕೂತಿದ್ದ ಗಂಡ ಸದಾಶಿವ ರೊಟ್ಟಿಯಿಂದ ಒಂದು ಚಕ್ಕೆ ಹೆಕ್ಕಿ ಬೆಳಕಿಗೆ ಹಿಡಿದು ಇದೇನೆಂದು ಕೇಳಿದ. ಮೆಣಸಿನಕಾಯಿ ಸಿಪ್ಪೆ ಎಂದಳು. ಅವನು ಅದನ್ನು ಬಾಯಿಗೆ ಹಾಕಿಕೊಂಡು ಜಗಿದು, "ಖಾರನ ಇಲ್ಲಲಾ ಇದಕ್ಕ" ಎಂದು ಮೆಣಸಿನಕಾಯಿ ಮಾರಿದವನನ್ನು ಬೈದ.

ಪ್ರತಿ ಸಲವೂ ಅರಳೆಗೆ ಬಣ್ಣ ತೆಗೆಯುವ ನೀರು ಹನಿಸಿ ಅರೆಬರೆ ಬಣ್ಣವನ್ನು ಒರೆಸಿ, ಮೊದಲಿಂದ ಶುರು ಮಾಡಬೇಕು. ಮೂಲೆಯಲ್ಲಿ ಕೂತ ಅತ್ತೆ ಸಕ್ರವ್ವ ಇದನ್ನೆಲ್ಲ ಮೂರು ದಿನ ಗಮನಿಸಿದಳು. ಔಷಧದಂಥ ವಾಸನೆ, ಅರಳೆ, ಬೆರಳು ತಿಕ್ಕುವುದು. ಸಂದುನೋವಿನ ಔಷಧಿಯನ್ನು ಸೊಸೆ ತನಗೆ ಕೊಡದೆ ಒಬ್ಬಳೇ ಹಚ್ಚಿಕೊಳ್ಳುತ್ತಿದ್ದಾಳೆ ಎಂದು ತೀರ್ಮಾನಿಸಿದಳು. ನಾಲ್ಕನೆಯ ದಿನ ಹೀರಾಬಾಯಿ ಬಂದು ನೋಡಿದರೆ ಆ ನೀರಿನ ಶೀಶೆ ಖಾಲಿ, ಅತ್ತೆಯ ಎರಡೂ ಮೊಣಕಾಲು ಒದ್ದೆ.

"ಹಚ್ಚಿದ ತಡಾ ತಣ್ಣಗ ಆತ ನೋಡ, ಯವ್ವಾ," ಎಂದಳು ಸಕ್ರವ್ವ ಕಣ್ಣು ಮುಚ್ಚಿಕೊಂಡು. "ಇನ್ನೊಂದ ಬಾಟ್ಲಿ ತರಸು. ಇಷ್ಟ ದಿನಾ ಮುಚ್ಚಿಟ್ಟಿದ್ದಿ, ಇರಲಿ ಬಿಡು."

ತಪ್ಪು ಮಾಡಿದವರೇ ಕ್ಷಮಿಸಿಬಿಟ್ಟರೆ ಯಾರನ್ನು ಬೈಯುವುದು? ಹೀರಾಬಾಯಿ ಹಲ್ಲು ಕಚ್ಚಿ ಖಾಲಿ ಶೀಶೆಯನ್ನು ಕಪಾಟಿನಲ್ಲಿಟ್ಟಳು.

ಮತದಾನಕ್ಕೆ ಒಂದು ದಿನವಿತ್ತು. ಸದಾಶಿವ ಸರಕಾರಿ ಕಚೇರಿಯ ಗುಮಾಸ್ತ, ಅವನನ್ನು ತಿಕೋಟಾ ಕಡೆ ಚುನಾವಣೆ ಕೆಲಸಕ್ಕೆ ಹಾಕಿದ್ದರು. ಚೀಲ ಹೆಗಲಿಗೇರಿಸಿ ಹೊರಡುವಾಗ ಹೊಸ್ತಿಲಲ್ಲಿ ನಿಂತು ಹೆಂಡತಿಗೆ ಎಚ್ಚರಿಕೆ ಕೊಟ್ಟ.

"ನಾ ಸರಕಾರಿ ಮನಷ್ಯಾ. ಈ ಮನಿಯವ್ರು ಪ್ರಚಾರ ಮಾಡಿದ್ರು ಅಂತ ಯಾರರ ಒಂದ ಕಾಗದಾ ಬರದ ಕೊಟ್ರ ನನ್ನ ನೌಕರಿ ಹೋತು. ಓಟ ಹಾಕು, ಮನಿಗೆ ಬಾ. ಬಾಯಿ ಮಾತ್ರ ತಗೀಬ್ಯಾಡ."

ಬಾಯಿಯ ಬಗ್ಗೆ ಹೇಳಿದ, ಕೈಯ ಬಗ್ಗೆ ಏನೂ ಹೇಳಲಿಲ್ಲ.

ಮರುದಿನ ಹತ್ತು ಗಂಟೆಗೆ ಮಕ್ಕಳನ್ನು ಅತ್ತೆಗೆ ಒಪ್ಪಿಸಿ ಹೀರಾಬಾಯಿ ಮತಗಟ್ಟೆಯಿದ್ದ ಓಣಿಯ ಸಾಲೆಗೆ ಹೋದಳು. ಸಕ್ರವ್ವನ ಹೆಸರು ಸಾರವಾಡದ ಮತದಾರರ ಯಾದಿಯಲ್ಲಿದ್ದುದರಿಂದ ಅವಳು ಮನೆಯಲ್ಲೇ ಉಳಿದಳು. ಸಾಲೆಯ ಅಂಗಳದಲ್ಲಿ ಹೆಂಗಸರ ಸಾಲು ಗೇಟಿನವರೆಗೂ ಬಂದಿತ್ತು, ಒಂದೂವರೆ ತಾಸಾದರೂ ನಿಲ್ಲಬೇಕು. ಎಲ್ಲರೂ ಗೊಣಗುತ್ತಿದ್ದರು. ಹೀರಾಬಾಯಿ ತನ್ನ ಎರಡೂ ಕೈ ನೋಡಿಕೊಂಡಳು. ಕೊಡವಿಲ್ಲ, ಕೂಸಿಲ್ಲ, ಹಿಟ್ಟಿಲ್ಲ. ಸರಕಾರವೇ ಖುದ್ದಾಗಿ ಅವಳಿಗೆ ಒಂದೂವರೆ ತಾಸು ಖಾಲಿ ಕೈ ಮಂಜೂರು ಮಾಡಿತ್ತು! ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಬಣ್ಣದ ಶೀಶೆ ಹೊರಗೆ ಬಂತು.

ಅವಳ ಮುಂದೆ ನಿಂತಿದ್ದ ನೀಲಾಬಾಯಿಯೇ ಅನುಭವಸ್ಥ ಕೈಯಿಂದ ಹತ್ತೂ ಉಗುರಿಗೆ ಬಣ್ಣ ಹಚ್ಚಿದಳು. ಹೀರಾಬಾಯಿ ಬೆರಳು ಅಗಲಿಸಿ, ಉಗುರುಗಳನ್ನು ಎದುರಿನ ಬಿಸಿಲಿಗೆ ತೋರಿಸಿ ಕೈ ಎತ್ತಿ ನಿಂತಳು. ಹಿಂದಿದ್ದ ಹಾಲು ಮಾರುವ ಹುಚ್ಚವ್ವ ತನಗೂ ಒಂದು ಬೆರಳಿಗೆ ಹಚ್ಚಿ ನೋಡೆಂದಳು. ಅವಳ ಹಿಂದಿನವಳು ಸುಮ್ಮನಿರುತ್ತಾಳೆಯೇ? ಎಡಗೈಯ ಐದೇ ಉಗುರು, ಹೆಚ್ಚು ಕೇಳಬಾರದು ಎಂದು ಹೀರಾಬಾಯಿ ಕಟ್ಟುನಿಟ್ಟು ಮಾಡಿದಳು. ಶೀಶೆ ಸಾಲಿನುದ್ದಕ್ಕೂ ಪ್ರಯಾಣ ಮಾಡಿತು. ಸ್ವಲ್ಪ ಹೊತ್ತಿನಲ್ಲಿ ಮೂವತ್ತು ಮೂವತ್ತೈದು ಹೆಂಗಸರು ಎಡಗೈ ಎತ್ತಿ ಬೆರಳು ಬಿಡಿಸಿ ಬಿಸಿಲಿಗೆ ಹಿಡಿದು ನಿಂತಿದ್ದರು. ಹೀರಾಬಾಯಿಗೆ ತಾನೊಂದು ದೊಡ್ಡ ಸಮಾಜಸೇವೆ ಮಾಡಿದಂತಾಗಿ ಎದೆ ಉಬ್ಬಿತು.

ಅದೇ ಹೊತ್ತಿಗೆ ಶಂಕರೆಪ್ಪ ಚಹಾ ಕುಡಿದು ಗೇಟಿನೊಳಗೆ ಬಂದ. ಆತ ಒಬ್ಬ ಉಮೇದುವಾರನ ಏಜೆಂಟ್, ಬೇರೆ ಓಣಿಯವನು. ಈಗ ಒಂದು ಮಾತು ಹೇಳಬೇಕು. ಆ ಸಲದ ಚುನಾವಣೆಗೆ ಊರಿನ ಗೋಡೆಗಳ ಮೇಲೆಲ್ಲ ಹೊಸದಾಗಿ ಒಂದು ಗುರುತು ಬಂದಿತ್ತು, ಬೆರಳು ಜೋಡಿಸಿ ಎತ್ತಿದ ಕೈ. ಶಂಕರೆಪ್ಪನ ಉಮೇದುವಾರನದು ಬೇರೆ ಗುರುತು. ಗೇಟಿನಿಂದ ಬಂದವನಿಗೆ ಹಿಂದಿನಿಂದ ಕಂಡದ್ದು ಸಾಲುಗಟ್ಟಿ ಎತ್ತಿದ ಅಂಗೈಗಳು. ಅವನ ಬಾಯಲ್ಲಿದ್ದ ಚಹಾದ ರುಚಿಯೇ ಹೋಯಿತು.

"ಸಾಹೇಬ್ರ, ಹೊರಗ ಬರ್ರಿ. ಮತಗಟ್ಟಿ ಅಂಗಳದಾಗ ಪ್ರಚಾರ ನಡದೈತಿ."

ವಿಷಯ ಕೈ ಮೀರಿತು. ಮತಗಟ್ಟೆಯ ದೊಡ್ಡ ಸಾಹೇಬರು ಕನ್ನಡಕ ಸರಿಮಾಡಿಕೊಳ್ಳುತ್ತ ಓಡಿ ಬಂದರು, ಹಿಂದೆ ಪೊಲೀಸನೂ ಬಂದ. ಇದನ್ನು ಶುರು ಮಾಡಿದವರ ಹೆಸರು ಬರೆದುಕೊಳ್ಳಲೇಬೇಕು, ಮೇಲಿನವರಿಗೆ ಕಳಿಸಲೇಬೇಕು ಎಂದು ಶಂಕರೆಪ್ಪ ಹಟ ಹಿಡಿದ. ಸಾಹೇಬರು ಕೇಳುವುದೇ ತಡ, ಅಷ್ಟೂ ರಾಣಿ ಬಣ್ಣದ ಬೆರಳುಗಳು ಹೀರಾಬಾಯಿಯ ಕಡೆ ತಿರುಗಿದವು. ಸಾಹೇಬರು ಕಾಗದ ತೆಗೆದರು. ಹೀರಾಬಾಯಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹೆಸರು ಕೇಳಿದರೆ ಗಂಡನ ಹೆಸರು ಕೇಳುತ್ತಾರೆ. ಗಂಡನ ಹೆಸರು ಕೇಳಿದರೆ ನೌಕರಿ ಕೇಳುತ್ತಾರೆ. ಒಂದು ಶೀಶೆ ಬಣ್ಣಕ್ಕೆ ಏಳು ಜನರ ಅನ್ನ ಹೋಯಿತಲ್ಲ ಎಂದು ಅವಳ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಹೋದರೆ ಬಣ್ಣ ಕೆಡುತ್ತದೆ ಎಂದು ಆಗಲೂ ಒರೆಸಿಕೊಳ್ಳಲಿಲ್ಲ!

ಗಂಡಸರ ಸಾಲಿನಿಂದ ಪೇಂಟರ್ ಅಬ್ದುಲಗನಿ ಮುಂದೆ ಬಂದ. ಎಲ್ಲ ಉಮೇದುವಾರರ ಗುರುತುಗಳನ್ನೂ ಊರ ಗೋಡೆಗಳ ಮೇಲೆ ಬರೆದವನು ಅವನೇ, ಈ ವಿಷಯದಲ್ಲಿ ಅವನಿಗಿಂತ ದೊಡ್ಡ ಪಂಡಿತ ವಿಜಾಪುರದಲ್ಲಿ ಇರಲಿಲ್ಲ.

"ಸಾಹೇಬ್ರ, ಇಷ್ಟೂ ಗ್ವಾಡಿಗೆ ಕೈ ಬರದಾಂವ ನಾನು. ಅದು ಅಂಗೈ. ಅಂಗೈಗೆ ಉಗುರ ಎಲ್ಲಿ ಕಾಣತಾವ್ರಿ? ಈ ಬಾಯಾರು ತೋರಸಾಕತ್ತಿದ್ದು ಉಗುರು. ಉಗುರು ಯಾವ ಪಕ್ಷದ ಗುರುತೂ ಅಲ್ರಿ."

ಸಾಹೇಬರು ನ್ಯಾಯವಂತರು. ಹೆಂಗಸರಿಗೆಲ್ಲ ಮೊದಲಿನಂತೆಯೇ ಕೈ ಎತ್ತಿ ನಿಲ್ಲಲು ಹೇಳಿ ಸಾಲಿಗೆ ಒಂದು ಸುತ್ತು ಹಾಕಿದರು. ಮುಂದಿನಿಂದ ನೋಡಿದರೆ ಅಲಂಕಾರ, ಹಿಂದಿನಿಂದ ನೋಡಿದರೆ ಪ್ರಚಾರ. ಎರಡು ಸಲ ಸುತ್ತಿದರು, ಬೆವರು ಒರೆಸಿಕೊಂಡರು. ಮತಗಟ್ಟೆ ಇರುವುದು ಮುಂದೆ, ಆದ್ದರಿಂದ ಮುಂದಿನಿಂದ ಕಂಡದ್ದೇ ಖರೆ ಎಂದು ತೀರ್ಪು ಕೊಟ್ಟು ಕಾಗದವನ್ನು ಮಡಿಚಿ ಜೇಬಿಗಿಟ್ಟರು. ಹೀರಾಬಾಯಿಗೆ ಹೋದ ಜೀವ ಬಂತು. ಆದರೆ ತೀರ್ಪಿಗೆ ಬಾಲವಿತ್ತು. ಬಣ್ಣದ ಮೇಲೆ ಇಂಕು ನಿಲ್ಲುವುದಿಲ್ಲ, ಎಲ್ಲರೂ ಎಡಗೈ ತೋರುಬೆರಳಿನ ಬಣ್ಣ ತೆಗೆದು ಬರಬೇಕು, ತೆಗೆಯದಿದ್ದರೆ ಓಟಿಲ್ಲ ಎಂದರು.

ಮತ್ತೆ ಎಲ್ಲರೂ ಹೀರಾಬಾಯಿಯ ಕಡೆ ತಿರುಗಿದರು. ಬಣ್ಣ ತೆಗೆಯುವ ನೀರು ಎಲ್ಲಿ? ಅತ್ತೆಯ ಮೊಣಕಾಲಿನಲ್ಲಿ ಎಂದು ಹೇಳುವುದು ಹೇಗೆ! ಹೆಂಗಸರು ಸಾಲೆಯ ಮೆಟ್ಟಿಲಿಗೆ 'ಗರಗರ' ಬೆರಳು ತಿಕ್ಕಿದರು, ಮಕ್ಕಳು ಬರೆಯುವ ಪಾಟಿಯ ಒಡೆದ ಚೂರಿನಿಂದ ಕೆರೆದರು. ಹುಚ್ಚವ್ವ ಹಲ್ಲಿನಿಂದ ಕಚ್ಚಿ ನೋಡಿ ಹೀರಾಬಾಯಿಯ ತವರಿನವರನ್ನು ನೆನೆಸಿಕೊಂಡಳು. ರೊಟ್ಟಿ ಬಡಿದರೆ ಉದುರಿ ಹೋಗುತ್ತಿದ್ದ ಬಣ್ಣ ಈಗ ಜಪ್ಪಯ್ಯ ಎಂದರೂ ಬಿಡಲೊಲ್ಲದು. ಕೊನೆಗೆ ಅಬ್ದುಲಗನಿಯೇ ಮನೆಗೆ ಓಡಿ ಬೋರ್ಡು ಬರೆಯುವ ಬಣ್ಣಕ್ಕೆ ಬೆರೆಸುವ ತಿನ್ನರಿನ ಡಬ್ಬಿ, ಒಂದು ಚಿಂದಿ ಬಟ್ಟೆ ತಂದುಕೊಟ್ಟ. ಬಟ್ಟೆ ಕೈಯಿಂದ ಕೈಗೆ ಹೋಯಿತು. ಒಬ್ಬೊಬ್ಬರೇ ಬೆರಳು ಒರೆಸಿಕೊಂಡು ಒಳಗೆ ಹೋಗಿ, ಓಟು ಹಾಕಿ ಹಿಂಬಾಗಿಲಿನಿಂದ ಹೊರಟರು. ತಪ್ಪಿತಸ್ಥಳೆಂದು ಹೀರಾಬಾಯಿಯನ್ನು ಎಲ್ಲರಿಗಿಂತ ಹಿಂದೆ ನಿಲ್ಲಿಸಿದ್ದರು. ಬಟ್ಟೆ ಅವಳಿಗೆ ಸಿಗುವ ಹೊತ್ತಿಗೆ ಓಣಿಯ ಅಷ್ಟೂ ಬಣ್ಣ ಕುಡಿದಿತ್ತು. ಒರೆಸಿದರೆ ಉಗುರಿನ ಬಣ್ಣವೇನೋ ಹೋಯಿತು, ಬೆರಳು ಮಾತ್ರ ಬುಡದವರೆಗೂ ಕೆಂಪಾಯಿತು.

ಆದರೂ ಉಳಿದ ಒಂಬತ್ತು ಉಗುರು ಹೊಳೆಯುತ್ತಿದ್ದವು. ಆ ಧೈರ್ಯದ ಮೇಲೆ ಒಳಗೆ ಹೋದಳು. ಯಾದಿ ಹಿಡಿದವನು ಗಟ್ಟಿಯಾಗಿ ಓದಿದ.

"ಹೀರಾಬಾಯಿ, ಗಂಡ ಸದಾಶಿವ."

ಹೊರಗೆ ಸೋತಿದ್ದ ಶಂಕರೆಪ್ಪ ಒಳಗೆ ಕಾಯುತ್ತಿದ್ದ. ಯಾದಿಯಲ್ಲಿ ಹೆಸರಿದೆ ನಿಜ, ಆದರೆ ಆ ಹೀರಾಬಾಯಿ ಇವಳೇ ಎಂದು ಯಾರು ಹೇಳಬೇಕು, ತನ್ನ ತಕರಾರಿದೆ ಎಂದ. ಗುರುತು ಹೇಳಬಹುದಾದ ಓಣಿಯವರೆಲ್ಲ ಹಿಂಬಾಗಿಲಿನಿಂದ ಹೋಗಿಯಾಗಿತ್ತು. ಈ ಬಾಯಿಯವರನ್ನು ಬಲ್ಲವರು ಇಲ್ಲಿ ಯಾರಾದರೂ ಇದ್ದಾರೆಯೇ ಎಂದು ಸಾಹೇಬರು ಕೇಳಿದರು.

ಇಂಕಿನ ಶೀಶೆಯ ಮುಂದೆ ತಲೆ ಬಗ್ಗಿಸಿ ಕೂತಿದ್ದವನು ತಲೆ ಎತ್ತಿದ. ಸದಾಶಿವ! ಇಲ್ಲಿ ಇಂಕು ಹಚ್ಚಬೇಕಾದವನಿಗೆ ಬೆಳಗ್ಗೆ ವಾಂತಿಯಾಗಿ, ತಿಕೋಟಾದಿಂದ ಇವನನ್ನು ಜೀಪಿನಲ್ಲಿ ತಂದು ಕೂರಿಸಿದ್ದರು. ಹೀರಾಬಾಯಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಹೊರಗಿನ ಗದ್ದಲವನ್ನೆಲ್ಲ ಅವನು ಕೂತಲ್ಲಿಂದಲೇ ಕೇಳಿದ್ದಾನೆ. ಹೌದೆಂದರೆ ಶಂಕರೆಪ್ಪನ ಬಾಯಿಗೆ ಬೀಳುತ್ತಾನೆ. ಅಲ್ಲವೆಂದರೆ ಅವಳ ಓಟು ಹೋಯಿತು. ನೌಕರಿಗೆ ಹೆದರುವ ಮನುಷ್ಯ, ಅಲ್ಲವೆಂದೇ ಹೇಳುತ್ತಾನೆ ಎಂದು ಅವಳಿಗೆ ಖಾತ್ರಿಯಾಯಿತು.

"ಕೈ ತೋರಸ್ರಿ," ಎಂದ ಸದಾಶಿವ. ಹದಿನಾಲ್ಕು ವರ್ಷದಲ್ಲಿ ಅವಳಿಗೆ 'ರಿ' ಹಚ್ಚಿ ಮಾತಾಡಿದ್ದು ಅದೇ ಮೊದಲು.

ಅಂಥ ಹೊತ್ತಿನಲ್ಲೂ ಅವಳೊಳಗೆ ಒಂದು ಆಸೆ ಮಿಸುಕಾಡಿತು. ಉಗುರು ಮೇಲೆ ಬರುವಂತೆ ಎರಡೂ ಕೈ ಮುಂದೆ ಚಾಚಿದಳು. ಕಿಟಕಿಯ ಬಿಸಿಲಿಗೆ ಒಂಬತ್ತೂ ಮಿಂಚಿದವು. ಸದಾಶಿವ ಅವಳ ಬಲಗೈಯನ್ನು ಎತ್ತಿ ಹಿಡಿದ, ನಿಧಾನವಾಗಿ ಮಗುಚಿ ಹಾಕಿದ. ಅಂಗೈಯ ಮೇಲೆ, ಹೆಬ್ಬೆರಳಿನ ಬುಡದಲ್ಲಿದ್ದ ಸುಟ್ಟ ಕಲೆಯನ್ನು ಕಣ್ಣು ಕಿರಿದು ಮಾಡಿ ನೋಡಿದ.

"ನಮ್ಮ ಮನಿಯಾಕಿನ ಹೌದ್ರಿ, ಸಾಹೇಬ್ರ," ಎಂದ. ಆಮೇಲೆ ಶಂಕರೆಪ್ಪನ ಕಡೆ ತಿರುಗಿದ. "ಬೇಕಾದ್ರ ನೀವೂ ನೋಡ್ರಿ. ಈ ಗುರುತು ಯಾವ ಪಕ್ಷದ್ದೂ ಅಲ್ಲ, ರೊಟ್ಟಿ ಹಂಚಿಂದು."

ಸಾಹೇಬರು ನಕ್ಕರು, ಪೊಲೀಸನೂ ನಕ್ಕ, ಶಂಕರೆಪ್ಪ ತಕರಾರು ಹಿಂದಕ್ಕೆ ತೆಗೆದುಕೊಂಡ. ಕೆಂಪು ಬೆರಳಿನ ಮೇಲೆ ಕಪ್ಪು ಇಂಕು ಬಿತ್ತು. ಹೀರಾಬಾಯಿಗೆ ಗಂಡನ ಮೇಲೆ ಪ್ರೀತಿ ಉಕ್ಕಿತು, ಅದರ ಎರಡರಷ್ಟು ಸಿಟ್ಟೂ ಬಂತು. ಓಟು ಹಾಕಿ ಹಿಂಬಾಗಿಲಿನಿಂದ ಹೊರಗೆ ಬಂದಳು.

ಅಲ್ಲಿ ಬೇವಿನ ಗಿಡದ ಕೆಳಗೆ ನೀಲಾಬಾಯಿ ಕಾಯುತ್ತ ನಿಂತಿದ್ದಳು. "ಒಳಗ ನಿಮ್ಮವ್ರ ಕೂತಾರಲಾ! ಉಗುರು ನೋಡಿದ್ರೇನ್ರಿ?" ಎಂದು ಕೇಳಿದಳು.

"ನೋಡಿದ್ರವಾ," ಎಂದಳು ಹೀರಾಬಾಯಿ. "ಹದಿನಾಲ್ಕು ವರ್ಷಕ್ಕ ಒಮ್ಮಿ ಕೈ ಹಿಡದ ನೋಡಿದ್ರು. ಅದೂ ತಿರುವಿ ಹಾಕಿ."