ಶ್ರೇಣಿಕನ ಸ್ಥಾನಪಲ್ಲಟ

ಘಟಪ್ರಭಾದಲ್ಲಿ ಶ್ರೇಣಿಕನ ಸೋದರಮಾವ ಚಹಾ ಕುಡಿಯಲು ಇಳಿದ. ಬಸ್ಸು ಅವನನ್ನು ಬಿಟ್ಟು ಹೊರಟೇಬಿಟ್ಟಿತು.

"ನೀ ಮುಂದ ಹೋಗು. ತುಕ್ಕಾನಟ್ಟಿಯೊಳಗ ನೇಮಣ್ಣನ ಮನಿ ಕೇಳು. ಹುಡುಗಿ ನೋಡಾಕ ತಡಾ ಮಾಡಬಾರ್ದು!" ಎಂದು ಫೋನಿನಲ್ಲೇ ಅಪ್ಪಣೆ ಕೊಟ್ಟ.

ಶ್ರೇಣಿಕ ಹುಕ್ಕೇರಿಯಲ್ಲಿ ಭೌತಶಾಸ್ತ್ರದ ಮಾಸ್ತರ. ನೋಡಹೊರಟಿದ್ದು ಏಳನೆಯ ಹುಡುಗಿ. ಕೇಳಿಕೊಂಡು ಹೋದ ಮನೆಯ ಬಾಗಿಲಲ್ಲೇ ನೇಮಣ್ಣ ನಿಂತಿದ್ದರು.

"ಕರೆಂಟಿನವರಲ್ಲೇನ್ರಿ?"

ತಾನು ಕಲಿಸುವ ಪಾಠವನ್ನೂ ಮಾವ ಹೇಳಿಟ್ಟಿದ್ದಾನೆಂದು ಶ್ರೇಣಿಕ ಹಿಗ್ಗಿದ. "ಹೌದ್ರಿ. ಆರು ವರ್ಷ ಆತು."

"ಹಂಗಾರ ಈ ಫ್ಯಾನ್ ನೋಡ್ರಿ. ಹೊಸಾ ಕೆಪಾಸಿಟರ್ ತಂದಿಟ್ಟೇವಿ."

ಓಹೋ, ವರಪರೀಕ್ಷೆ! ಮೇನ್ ಬಂದ್ ಮಾಡಿಸಿ, ಅಂಗಿಯ ತೋಳು ಮಡಚಿ ಸ್ಟೂಲು ಹತ್ತಿದ. ಸ್ಟೂಲು ಹಿಡಿದ ಯುವತಿಯತ್ತ ನೋಡಲು ನಾಚಿಕೆಯಾಗಿ ಫ್ಯಾನಿಗೇ ಪಾಠ ಶುರುಮಾಡಿದ.

"ಈ ಕೆಪಾಸಿಟರಿನ್ಯಾಗ ಎರಡು ಲೋಹದ ಪದರು, ನಡುವ ಕರೆಂಟ್ ಬಿಡದ ಹಾಳಿ. ಒತ್ತಡ ಬಿದ್ರ ಆ ಹಾಳಿಯೊಳಗಿನ ಚಾರ್ಜು ಓಡಂಗಿಲ್ರಿ, ಇದ್ದಲ್ಲೇ ಚೂರು ಸರೀತಾವು. ವಿದ್ಯುತ್ ಕ್ಷೇತ್ರಕ್ಕ ಆ ಸರಿದಾಟಾನೂ ಕೂಡಿಸಿ ಹಿಡದ್ರ ವಿದ್ಯುತ್ ಸ್ಥಾನಪಲ್ಲಟ ಕ್ಷೇತ್ರ."

"ಸಂತಿ ಬಸ್ಸಿನ್ಯಾಗ ಕಂಡಕ್ಟರ್ ಒದರಿದ್ರ ಮಂದಿ ಸರದಂಗ!" ಎಂದರು ನೇಮಣ್ಣನ ಹೆಂಡತಿ ಸುಂದರಾಬಾಯಿ.

"ಖರೇನ ಹಂಗರೀ!" ಆರು ವರ್ಷದಲ್ಲಿ ಯಾವ ವಿದ್ಯಾರ್ಥಿಗೂ ಇಷ್ಟು ಹೊಳೆದಿರಲಿಲ್ಲ. ಇಂಥ ಅತ್ತೆ ಸಿಗಬೇಕಾದರೆ ಪುಣ್ಯ ಬೇಕು.

ಸ್ವಿಚ್ ಒತ್ತಿದರು. ಫ್ಯಾನು ಮುನಿದ ಎತ್ತಿನಂತೆ ಹಿಂದಕ್ಕೆ ತಿರುಗಿತು.

"ಗಾಳಿ ಜಂತಿಗೆ ಹೊಂಟೈತಿ!" ಕಿಟಕಿಯಲ್ಲಿ ಇಣುಕಿದ ನೆರೆಮನೆಯ ಅಲ್ಲಪ್ಪ ನಕ್ಕ. "ಕೆಂಪ್ ವಾಯರ್ ಕೀಳು. ಅಲ್ಲಲ್ಲ, ಕರೇದು!"

ಶ್ರೇಣಿಕ ಬೆವರುತ್ತ ಮತ್ತೆ ಹತ್ತಿದ. ಮೂರನೇ ಸಲಕ್ಕೆ ತಂಪುಗಾಳಿ ಕೆಳಗಿಳಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಗೆದ್ದೆನೆಂದು ಕೆಳಗಿಳಿಯುವಾಗ ಫೋನು ಬಂತು.

"ಎಲ್ಲದಿಯೋ? ನಾ ಹುಡುಗಿ ಮನ್ಯಾಗ ಅದೇನಿ, ಮ್ಯಾಲಿನ ಓಣಿ ನೇಮಣ್ಣನ ಮನಿ!" ಮಾವ ಒದರಿದ. "ಮುಂಜಾನೆ ಫ್ಯಾನ್ ರಿಪೇರಿಗಂತ ಯಾವನೋ ಸ್ವಪ್ನಿಲ್ ಮನಿ ತಪ್ಪಿ ಇಲ್ಲಿಗೆ ಬಂದಾನ. ಇವ್ರು ವರಾ ಅಂತ ತಿಳದು ಶಿರಾ ತಿನಿಸ್ಯಾರ. ಈಗ ಖರೆ ಗೊತ್ತಾದ್ರೂ ಹುಡುಗಿ ಅವನ್ನ ಬಿಡವಲ್ಲಳು. ಮಾತು ಕಡಿಮಿ, ಕೆಲಸ ಚೊಲೊ ಅಂತ!"

ಶ್ರೇಣಿಕ ಮೊದಲ ಸಲ ಸ್ಟೂಲು ಹಿಡಿದವಳ ಕಡೆ ನೋಡಿದ. ಆ ಯುವತಿಯ ಕೊರಳಲ್ಲಿ ತಾಳಿ ಇತ್ತು.

"ನಮ್ಮ ಸೊಸಿ, ಮಯೂರಿ," ಎಂದರು ಸುಂದರಾಬಾಯಿ. "ಆಕಿ ಚಹಾ ತರ್ತಾಳ, ಕುಡೀರಿ. ಆಮ್ಯಾಲ ಅಲ್ಲಪ್ಪನ ಮನಿ ಮಿಕ್ಸರೂ ಒಂದೀಟು ನೋಡ್ರಿ."

ಶ್ರೇಣಿಕ ಫ್ಯಾನಿನ ಕೆಳಗೇ ಕೂತು ಚಹಾ ಕುಡಿದ. ಗಾಳಿಯಂತೂ ಚೊಲೊ ಬರುತ್ತಿತ್ತು.